ಮೂಲೆ ಕಪ್ಪು, ಫೋಕಸ್ ಮಸುಕು: ಹಳೆಯ ವೈಡ್ ಲೆನ್ಸಿನ ದೋಷ ಹುಡುಕುವ ಬಗೆ

ಒಂದು ಬೆಳಿಗ್ಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಆರು ಶೀಟ್ ಫಿಲ್ಮ್ (ಒಂದು ಹಾಳೆಗೆ ಒಂದೇ ಚಿತ್ರ) ತೆಗೆದೆ. 4×5 ಇಂಚಿನ ಕ್ಯಾಮೆರಾ. ಅದಕ್ಕೆ ಆಗಷ್ಟೇ ಕೊಂಡ ಹಳೆಯ ವೈಡ್, ಅಂದರೆ ಅಗಲ ನೋಟದ, ಲೆನ್ಸು, ಷ್ನೈಡರ್ ಆಂಗುಲೋನ್ 90 ಮಿ.ಮೀ., ಎಫ್ 6.8. ಮನೆಗೆ ಬಂದು ತೊಳೆದು, ಪ್ರಿಂಟ್ ಮಾಡಿ ನೋಡಿದರೆ ಆರಕ್ಕೆ ಆರೂ ಹಾಳು. ಎಲ್ಲದರ ಮೂಲೆಗಳೂ ಕಪ್ಪು. ನಾನು ಫೋಕಸ್ ಮಾಡಿದ ಕಂಬ ಮಸುಕು, ಅದರ ಹಿಂದಿನ ಕಂಬ ಶಾರ್ಪ್. ಕೊನೆಯ ಶೀಟಿನ ಮೇಲಂತೂ ಮಂಜಿನಂಥ ಪಟ್ಟೆ ಬೇರೆ.

ಹಳೇ ಲೆನ್ಸ್ ಅಲ್ವಾ, ಇಷ್ಟೇ ಇದರ ಯೋಗ್ಯತೆ ಅಂದುಕೊಂಡು ಮಾರುವುದಕ್ಕೂ ಹೊರಟಿದ್ದೆ. ಮಾರಲಿಲ್ಲ, ಒಳ್ಳೆಯದಾಯಿತು. ಹುಡುಕುತ್ತಾ ಹೋದಾಗ ಮೂರು ತೊಂದರೆಗಳಲ್ಲಿ ಲೆನ್ಸಿನ ಪಾಲು ಒಂದೇ ಅಂತ ಗೊತ್ತಾಯಿತು. ಅದೂ ರೋಗವಲ್ಲ, ಹುಟ್ಟುಗುಣ. ಉಳಿದೆರಡು ಕ್ಯಾಮೆರಾದ್ದು. ಹೇಗೆ ಹುಡುಕಿದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಬೇರೆ ಲೆನ್ಸ್ ಆದರೂ ದಾರಿ ಇದೇ.

ಸ್ಕ್ರೂಡ್ರೈವರ್ ಕೆಳಗಿಡಿ

ಮೊದಲು ನೆಗೆಟಿವ್ ನೋಡಿ. ಸ್ಕ್ಯಾನ್ ಅಲ್ಲ, ಪ್ರಿಂಟ್ ಅಲ್ಲ. ಕಿಟಕಿ ಬೆಳಕಿಗೆ ನೆಗೆಟಿವನ್ನೇ ಹಿಡಿಯಿರಿ. ಪ್ರಿಂಟಿನಲ್ಲಿ ಕಪ್ಪಾಗಿರುವ ಮೂಲೆ ಇಲ್ಲಿ ಗಾಜಿನಂತೆ ತೆಳ್ಳಗಿರುತ್ತದೆ. ಮೂಲೆ ನಿಧಾನವಾಗಿ ತೆಳ್ಳಗಾಗುತ್ತಿದೆಯೇ, ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ ಇದೆಯೇ? ನಾಲ್ಕೂ ಮೂಲೆಯಲ್ಲಿದೆಯೇ, ಒಂದೇ ಕಡೆಯೇ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಇನ್ನೊಂದು ವಿಷಯ, ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗು. ಪ್ರಿಂಟಿನಲ್ಲಿ ನೆಲದ ಕಡೆ ಇರುವ ದೋಷ ಕ್ಯಾಮೆರಾದಲ್ಲಿ ಮೇಲುಗಡೆ ಇರುತ್ತದೆ, ಎಡಗಡೆಯದು ಬಲಕ್ಕೆ. ಇದನ್ನು ಮರೆತು ನಾನು ಒಂದಿಡೀ ಸಂಜೆ ಬೆಲ್ಲೋಸಿನ (ಲೆನ್ಸಿಗೂ ಹಿಂಭಾಗಕ್ಕೂ ನಡುವಿನ, ಹಾರ್ಮೋನಿಯಂ ಥರದ ಮಡಿಕೆಯ ಹೊದಿಕೆ) ತಪ್ಪು ಮಗ್ಗುಲನ್ನು ತಡಕಿದ್ದೇನೆ.

ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಲೆನ್ಸ್ ಒರೆಸಿ, ಫೋಕಸ್ ನೋಡುವ ಗಾಜು ತಿರುಗಿಸಿ, ಫಿಲ್ಮ್ ಇಡುವ ಹೋಲ್ಡರ್ ಬದಲಿಸಿ, ಎಲ್ಲ ಒಟ್ಟಿಗೆ ಮಾಡಿದರೆ ಚಿತ್ರ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಮೂಲೆ ಕಪ್ಪಾಗಿದ್ದರೆ

ನಾಲ್ಕೂ ಮೂಲೆ ಒಂದೇ ಸಮ, ನಿಧಾನವಾಗಿ ಕಪ್ಪಾಗಿದ್ದರೆ ಅದು ವೈಡ್ ಲೆನ್ಸಿನ ಹುಟ್ಟುಗುಣ. ಓರೆಯಾಗಿ ಬೀಳುವ ಬೆಳಕು ಬೇಗ ಸೊರಗುತ್ತದೆ. ಕೋನದ ಕೊಸೈನನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದಷ್ಟು (ನಾಲ್ಕನೇ ಘಾತ) ಮಾತ್ರ ಉಳಿಯುತ್ತದೆ. ಲೆಕ್ಕ ಹಾಕಿ ನೋಡೋಣ. 4×5 ಶೀಟಿನಲ್ಲಿ ಚಿತ್ರ ಬೀಳುವ ಜಾಗ ಸುಮಾರು 96×120 ಮಿ.ಮೀ., ನಡುವಿನಿಂದ ಮೂಲೆಗೆ 77 ಮಿ.ಮೀ. 90 ಮಿ.ಮೀ. ಲೆನ್ಸಿಗೆ ಇದು ಸುಮಾರು 40 ಡಿಗ್ರಿ ಕೋನ. ಮೂಲೆಗೆ ಮುಟ್ಟುವುದು ನಡುವಿನ ಬೆಳಕಿನ ಮೂರನೇ ಒಂದು ಪಾಲು. ಅಂದರೆ ಒಂದೂವರೆ ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ತೂತು, ಎಫ್ ನಂಬರ್ ಹೆಚ್ಚಿದಷ್ಟೂ ಚಿಕ್ಕದು) ಎಫ್ 45ಕ್ಕೆ ಇಳಿಸಿದರೂ ಇದು ಹೋಗುವುದಿಲ್ಲ.

ಹಳಬರಿಗೂ ಈ ತಲೆನೋವು ಇತ್ತು. 1900ರಲ್ಲಿ ಗೋರ್ಟ್ಸ್ ಕಂಪನಿಯ ಎಮಿಲ್ ಫಾನ್ ಹೋಗ್ ಹೈಪರ್ಗಾನ್ ಅನ್ನುವ ಲೆನ್ಸ್ ಮಾಡಿದರು. ನೋಡಲು ಗಾಜಿನ ಗೋಲಿಯ ಹಾಗೆ, ನೋಟ ಸುಮಾರು 135 ಡಿಗ್ರಿ. ಮೇಲಿನ ಲೆಕ್ಕವನ್ನೇ ಅದಕ್ಕೂ ಹಾಕಿದರೆ ಅಂಚಿನಲ್ಲಿ ಐದು ಸ್ಟಾಪಿಗಿಂತ ಜಾಸ್ತಿ ನಷ್ಟ. ಅದಕ್ಕೆ ಅವರು ಲೆನ್ಸಿನ ಮುಂದೆ ನಕ್ಷತ್ರದ ಆಕಾರದ ಪುಟ್ಟ ಗಿರಿಗಿಟ್ಟಲೆ ಇಟ್ಟರು. ರಬ್ಬರ್ ಬುಡ್ಡೆ ಹಿಸುಕಿದರೆ ಗಾಳಿಗೆ ಅದು ತಿರುಗಿ ನಡುವಿನ ಬೆಳಕನ್ನು ತಡೆಯುತ್ತಿತ್ತು. ಎಕ್ಸ್‌ಪೋಷರ್ ಮುಗಿಯುವ ಮೊದಲು ಅದನ್ನು ಕೆಳಗೆ ಬೀಳಿಸಬೇಕು. ಜಾತ್ರೆಯ ಆಟಿಕೆಯ ಹಾಗೆ ಕಂಡರೂ ಕೆಲಸ ಮಾಡುತ್ತಿತ್ತು.

ಈಗ ಅದೇ ಕೆಲಸಕ್ಕೆ ಸೆಂಟರ್ ಫಿಲ್ಟರ್ ಇದೆ. ನಡುವೆ ಮಬ್ಬು, ಅಂಚಿಗೆ ತಿಳಿ. ಆದರೆ ಅದು ದುಬಾರಿ, ಮೇಲಾಗಿ ಒಂದು, ಒಂದೂವರೆ ಸ್ಟಾಪ್ ತಿನ್ನುತ್ತದೆ. ಕಪ್ಪು ಬಿಳುಪು ನೆಗೆಟಿವ್ ಆದರೆ ನಾನು ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟು, ಪ್ರಿಂಟ್ ಮಾಡುವಾಗ ಮೂಲೆಗಳಿಗೆ ಕೈ ಅಡ್ಡ ಹಿಡಿಯುತ್ತೇನೆ. ಸಾಕಾಗುತ್ತದೆ.

ಮೂಲೆ ಕೊಯ್ದ ಹಾಗೆ ಕಪ್ಪಾಗಿದ್ದರೆ ಕಥೆ ಬೇರೆ. ಲೆನ್ಸ್ ಬೀಳಿಸುವ ಚಿತ್ರ ದುಂಡಗಿರುತ್ತದೆ. ಆ ವೃತ್ತದೊಳಗೆ ಶೀಟ್ ಕೂರಬೇಕು. 4×5 ಶೀಟಿನ ಮೂಲೆಯಿಂದ ಮೂಲೆಗೆ 154 ಮಿ.ಮೀ. 90 ಮಿ.ಮೀ. ಆಂಗುಲೋನ್ ಎಫ್ 22ರಲ್ಲಿ ಕೊಡುವ ವೃತ್ತವೂ ಹೆಚ್ಚೂಕಡಿಮೆ ಅಷ್ಟೇ. ಒಂದು ಕೂದಲೆಳೆಯೂ ಮಿಗುವುದಿಲ್ಲ. ಗೋಪುರದ ತುದಿ ಬರಲಿ ಅಂತ ಲೆನ್ಸ್ ಹಿಡಿದ ಮುಂಭಾಗವನ್ನು 5 ಮಿ.ಮೀ. ಎತ್ತಿದರೂ ಆಕಾಶದ ಎರಡು ಮೂಲೆ ಹೋಯಿತು. ಎತ್ತಿ ಇಳಿಸಿ ಮಾಡಲೇಬೇಕಾದವರಿಗೆ ಅದೇ ಕಂಪನಿಯ ಸೂಪರ್ ಆಂಗುಲೋನ್ ಎಫ್ 8 ಸರಿ. ಅದರ ವೃತ್ತ 216 ಮಿ.ಮೀ., ಅಡ್ಡ ಶೀಟಿನಲ್ಲಿ ಸುಮಾರು 40 ಮಿ.ಮೀ. ಎತ್ತಬಹುದು. ಭಾರ ಮಾತ್ರ ಜಾಸ್ತಿ.

ಇನ್ನು ಲೆನ್ಸಿನ ಕೊಳವೆಯೇ ಬೆಳಕಿಗೆ ಅಡ್ಡ ಬರುತ್ತಿದೆಯೇ ಅಂತ ನೋಡುವುದು. ಗ್ರೌಂಡ್ ಗ್ಲಾಸಿನ, ಅಂದರೆ ಕ್ಯಾಮೆರಾದ ಹಿಂದೆ ಫೋಕಸ್ ನೋಡುವ ಉಜ್ಜಿದ ಗಾಜಿನ, ನಾಲ್ಕು ಮೂಲೆ ಕತ್ತರಿಸಿರುತ್ತಾರಲ್ಲ, ಅದು ಒಡೆದದ್ದಲ್ಲ. ಇಣುಕಲಿಕ್ಕೆ ಮಾಡಿದ ಕಿಂಡಿ ಅದು. ಒಂದು ಮೂಲೆಯಲ್ಲಿ ಕಣ್ಣಿಟ್ಟು ಲೆನ್ಸಿನ ಕಡೆ ನೋಡಿ. ಅಪರ್ಚರ್ ಪೂರ್ತಿ ತೆರೆದಿದ್ದಾಗ ಬೆಳಕಿನ ತೂತು ನಿಂಬೆಹಣ್ಣಿನ ಹಾಗೆ ಎರಡೂ ತುದಿ ಚೂಪಾಗಿ ಕಾಣುತ್ತದೆ. ಹಾಗೇ ನೋಡುತ್ತಾ ಅಪರ್ಚರ್ ಇಳಿಸಿ. ಒಂದು ಹಂತದಲ್ಲಿ ಚೂಪು ತುದಿ ಮಾಯವಾಗಿ ಅಪರ್ಚರಿನ ಅಂಚು ಪೂರ್ತಿ ಕಾಣುತ್ತದೆ. ಓರೆಯಿಂದ ನೋಡುವುದರಿಂದ ಸ್ವಲ್ಪ ಚಪ್ಪಟೆಯಾಗಿಯೇ ಇರುತ್ತದೆ, ಚಿಂತೆ ಇಲ್ಲ. ಆ ನಂಬರಿನಿಂದ ಆಚೆಗೆ ಕೊಳವೆಯ ಅಡ್ಡಿ ಇಲ್ಲ. ಎಫ್ 22ರಲ್ಲೂ ಏನೋ ಅಡ್ಡ ಬಂದರೆ ಫಿಲ್ಟರ್ ಬಿಚ್ಚಿ ನೋಡಿ. ಎರಡು ಫಿಲ್ಟರ್ ಒಂದರ ಮೇಲೊಂದು ಹಾಕಿ ಲೆನ್ಸನ್ನು ಬೈದವರು ನಮ್ಮಲ್ಲಿ ಕಡಿಮೆ ಇಲ್ಲ.

ಪ್ರಿಂಟಿನ ಕೆಳ ಅಂಚು ಮಾತ್ರ ಕಪ್ಪಾದರೆ ಎರಡು ಗುಮಾನಿ. ಒಂದು, ಜೋತುಬಿದ್ದ ಬೆಲ್ಲೋಸು. ಮೇಲಿನ ಮಡಿಕೆ ಒಳಗೆ ಇಳಿದು ಬೆಳಕಿಗೆ ಅಡ್ಡ ಬರುತ್ತದೆ. ಒಳಗಿನ ಮೇಲುಗಡೆ ಅಂದರೆ ಪ್ರಿಂಟಿನ ಕೆಳಗಡೆ. ಬೆರಳಲ್ಲಿ ಬೆಲ್ಲೋಸನ್ನು ಮೇಲಕ್ಕೆ ಎತ್ತಿ ಹಿಡಿದಾಗ ನೆರಳು ಹೋದರೆ ಅದೇ. ಇನ್ನೊಂದು, ಪ್ರೆಸ್ ಕ್ಯಾಮೆರಾ ಆದರೆ ಅದರ ಮುಂಬಾಗಿಲ ಹಲಗೆಯೇ ಚಿತ್ರದೊಳಗೆ ಬಂದಿರುತ್ತದೆ. ಹಲಗೆ ಕೆಳಗೆ ಇಳಿಸಿ.

ಶಟರಿನ ಮೇಲೆ ಮಾತ್ರ ಈ ತಪ್ಪು ಹೊರಿಸಬೇಡಿ. ಅದು ಅಪರ್ಚರಿನ ಪಕ್ಕದಲ್ಲೇ ಕೂತಿರುವುದರಿಂದ ಕೆಟ್ಟರೆ ಇಡೀ ಚಿತ್ರ ಕಪ್ಪೋ ಬಿಳಿಯೋ ಆಗುತ್ತದೆ. ಮೂಲೆ ಮಾತ್ರ ಆರಿಸಿಕೊಂಡು ಕೆಡಿಸುವುದಿಲ್ಲ.

ಫೋಕಸ್ ಮಾಡಿದ್ದು ಒಂದು, ಬಂದದ್ದು ಇನ್ನೊಂದು

ನನ್ನ ನಿಜವಾದ ತಲೆನೋವು ಇದೇ ಆಗಿತ್ತು. ಒಳಗೆ ಕತ್ತಲು ಅಂತ ಎಫ್ 11ರಲ್ಲಿ ತೆಗೆದಿದ್ದೆ. 4 ಮೀಟರ್ ದೂರದ ಕಂಬದ ಕೆತ್ತನೆಗೆ ಗಾಜಿನ ಮೇಲೆ ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು, ಉಸಿರು ಬಿಗಿಹಿಡಿದು ಫೋಕಸ್ ಮಾಡಿದ್ದೆ. ಶೀಟಿನಲ್ಲಿ ಶಾರ್ಪ್ ಆಗಿದ್ದದ್ದು ಅದರಾಚೆ ಏಳೂವರೆ ಮೀಟರ್ ಹತ್ತಿರದ ಕಂಬ.

ಮೊದಲು ಲೆನ್ಸೋ ಕ್ಯಾಮೆರಾವೋ ಅಂತ ತೀರ್ಮಾನಿಸಬೇಕು. ಒಂದು ಪಕ್ಕ ಮಾತ್ರ ಮಸುಕಾಗಿದ್ದರೆ ಸುಲಭದ ಉಪಾಯ ಇದೆ. ಲೆನ್ಸನ್ನು ಅದು ಕೂತ ಬೋರ್ಡಿನಲ್ಲೇ ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮತ್ತೆ ಒಂದು ಶೀಟ್ ತೆಗೆಯಿರಿ. ಮಸುಕು ಆಚೆ ಪಕ್ಕಕ್ಕೆ ಹೋದರೆ ಲೆನ್ಸಿನದು. ಅಲ್ಲೇ ಇದ್ದರೆ ಕ್ಯಾಮೆರಾದ್ದು. ನಾಲ್ಕೂ ಅಂಚು ಸಮನಾಗಿ ಮಸುಕಾಗಿದ್ದು ಎಫ್ 22ಕ್ಕೆ ಸರಿಹೋದರೆ ಲೆನ್ಸಿಗೆ ಏನೂ ಆಗಿಲ್ಲ. ಆಂಗುಲೋನಿನ ಎಫ್ 6.8 ಇರುವುದು ನೋಡುವುದಕ್ಕೆ, ತೆಗೆಯುವುದಕ್ಕೆ ಅಲ್ಲ. ನಡುಭಾಗವೂ ಸೇರಿ ಇಡೀ ಚಿತ್ರದ ಮೇಲೆ ಹೊಳಪಿನ ಮುಸುಕು ಇದ್ದು, ಹೇಗೆ ಫೋಕಸ್ ಮಾಡಿದರೂ ಶಾರ್ಪ್ ಆಗದಿದ್ದರೆ ಮುಂದಿನ ಹಿಂದಿನ ಸೆಲ್‌ಗಳು (ಶಟರಿನ ಎರಡು ಬದಿಗೆ ತಿರುಗಿಸಿ ಕೂರಿಸುವ ಗಾಜಿನ ಭಾಗಗಳು) ಪೂರ್ತಿ ತಿರುಚಿಕೊಂಡಿವೆಯೇ ನೋಡಿ. ದೊಡ್ಡ ಹಿಂಭಾಗದ ಲೆನ್ಸುಗಳನ್ನು ಕೆಲವು ಕ್ಯಾಮೆರಾಗಳಿಗೆ ಹಾಕುವಾಗ ಹಿಂದಿನ ಸೆಲ್ ಬಿಚ್ಚಿ, ಬೋರ್ಡ್ ಕೂರಿಸಿ, ಒಳಗಡೆಯಿಂದ ಮತ್ತೆ ತಿರುಗಿಸಬೇಕು. ಅರ್ಧಕ್ಕೆ ಬಿಟ್ಟರೆ ಹೀಗಾಗುತ್ತದೆ. ಸೆಲ್ಲಿನ ಬುಡದಲ್ಲಿ ಕಾಗದದಷ್ಟು ತೆಳ್ಳನೆ ಹಿತ್ತಾಳೆ ಉಂಗುರ ಕಂಡರೆ ಎಸೆಯಬೇಡಿ. ಗಾಜುಗಳ ನಡುವಿನ ದೂರ ಸರಿಮಾಡಲು ಕಾರ್ಖಾನೆಯಲ್ಲಿ ಹಾಕಿದ್ದು ಅದು.

ನನ್ನ ಚಿತ್ರದಲ್ಲಿ ಇವ್ಯಾವೂ ಇರಲಿಲ್ಲ. ಶಾರ್ಪ್ ಇತ್ತು, ಜಾಗ ತಪ್ಪಿತ್ತು. ಅಂದರೆ ಗ್ರೌಂಡ್ ಗ್ಲಾಸ್ ಕೂತ ಜಾಗ, ಫಿಲ್ಮ್ ಕೂತ ಜಾಗ ಎರಡೂ ಒಂದೇ ಅಲ್ಲ.

ಅದನ್ನು ನೋಡಲು ಹಜಾರದ ನೆಲದ ಮೇಲೆ ಬೆಂಕಿಪೊಟ್ಟಣಗಳನ್ನು ಓರೆ ಸಾಲಿನಲ್ಲಿ ನಿಲ್ಲಿಸಿದೆ. ಟೇಪ್ ಹಿಡಿದು 2 ಮೀಟರಿನಿಂದ 5 ಮೀಟರಿನವರೆಗೆ, ಅರ್ಧ ಮೀಟರಿಗೆ ಒಂದು. 3 ಮೀಟರಿನ ಪೊಟ್ಟಣಕ್ಕೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದೇ ತೆಗೆದೆ. ತೆರೆದಿರಲೇಬೇಕು, ಎಫ್ 22ಕ್ಕೆ ಇಳಿಸಿದರೆ ಎಷ್ಟೋ ತಪ್ಪು ಮುಚ್ಚಿಹೋಗುತ್ತದೆ. ಶಾರ್ಪ್ ಬಂದದ್ದು ನಾಲ್ಕೂವರೆ ಮೀಟರಿನ ಪೊಟ್ಟಣ. ಅದರ ಮೇಲಿನ ಅಕ್ಷರ ಓದಬಹುದಿತ್ತು. 3 ಮೀಟರಿನದು ಬರೀ ಬಣ್ಣದ ಮುದ್ದೆ.

ಆಮೇಲೆ ಅಳತೆ. ಇದಕ್ಕೆ ದುಬಾರಿ ಸಲಕರಣೆ ಬೇಡ. ಒಂದು ಐಸ್‌ಕ್ಯಾಂಡಿ ಕಡ್ಡಿ, ಒಂದು ಸಣ್ಣ ಸ್ಕ್ರೂ ಸಾಕು. ಕಡ್ಡಿಯ ನಡುವೆ ಸ್ಕ್ರೂ ತೂರಿಸಿ. ಹಾಳು ಶೀಟ್ ಹಾಕಿದ ಫಿಲ್ಮ್ ಹೋಲ್ಡರನ್ನು ಮೇಜಿನ ಮೇಲಿಟ್ಟು, ಕಡ್ಡಿಯನ್ನು ಅದರ ಅಂಚುಗಳ ಮೇಲೆ ಅಡ್ಡ ಇಡಿ. ಸ್ಕ್ರೂ ತುದಿ ಫಿಲ್ಮಿಗೆ ಸವರಿಯೂ ಸವರದ ಹಾಗೆ ತಾಗುವ ತನಕ ತಿರುಗಿಸಿ. ಕಡ್ಡಿ ಅಲುಗಾಡಿದರೆ ಸ್ಕ್ರೂ ಉದ್ದವಾಯಿತು, ಒಂದು ಚೂರು ಹಿಂದೆ ತನ್ನಿ. ಈಗ ಕ್ಯಾಮೆರಾದ ಹಿಂಭಾಗ ಕಳಚಿ, ಹೋಲ್ಡರ್ ಒರಗುವ ಚೌಕಟ್ಟಿನ ಮೇಲೆ ಅದೇ ಕಡ್ಡಿ ಇಡಿ. ಸ್ಕ್ರೂ ತುದಿ ಗಾಜಿನ ಉಜ್ಜಿದ ಮೈಗೆ ಅದೇ ಥರ ಸವರಬೇಕು. 4×5 ಹೋಲ್ಡರಿನಲ್ಲಿ ಫಿಲ್ಮಿನ ಕೆಳಗಿನ ತಗಡಿನವರೆಗೆ ಆಳ 5 ಮಿ.ಮೀ., ಫಿಲ್ಮಿನ ದಪ್ಪ ಕಳೆದರೆ 4.8 ಮಿ.ಮೀ. ಗಾಜೂ ಅಷ್ಟೇ ಆಳದಲ್ಲಿರಬೇಕು.

ನನ್ನ ಕ್ಯಾಮೆರಾದಲ್ಲಿ ಸ್ಕ್ರೂ ಗಾಜನ್ನು ಮುಟ್ಟಲೇ ಇಲ್ಲ. ಅದು ತಾಗಿದ್ದು ಪ್ಲಾಸ್ಟಿಕ್ಕಿಗೆ. ಹಿಂದಿನ ಮಾಲೀಕರು ಚಿತ್ರ ಬೆಳ್ಳಗೆ ಕಾಣಲಿ ಅಂತ ಒಂದೂವರೆ ಮಿ.ಮೀ. ದಪ್ಪದ ಫ್ರೆನೆಲ್ ಹಾಳೆಯನ್ನು ಗಾಜಿಗಿಂತ ಮುಂದೆ, ಲೆನ್ಸಿನ ಕಡೆ ತುರುಕಿದ್ದರು. ಗಾಜು ಒಂದೂವರೆ ಮಿ.ಮೀ. ಹಿಂದೆ ಸರಿದಿತ್ತು. ಪ್ಲಾಸ್ಟಿಕ್ ದಾಟುವಾಗ ಬೆಳಕು ಬಾಗಿ ಚಿತ್ರವೂ ಅದರ ಮೂರನೇ ಒಂದು ಪಾಲು, ಅರ್ಧ ಮಿ.ಮೀ., ಹಿಂದೆ ಹೋಗುತ್ತದೆ. ಉಳಿದ ತಪ್ಪು 1 ಮಿ.ಮೀ. ಅಷ್ಟೇ. ಅಷ್ಟಕ್ಕೇ 4 ಮೀಟರಿನ ಕಂಬ ಹೋಗಿ ಏಳೂವರೆ ಮೀಟರಿನದು ಬಂದಿತ್ತು. ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಕೂತಿತು. ಆ ಕ್ಷಣದ ಖುಷಿ ಒಳ್ಳೆಯ ಪ್ರಿಂಟ್ ಬಂದಾಗಲೂ ಆಗುವುದಿಲ್ಲ ನೋಡಿ.

ಹಾಳೆ ತೆಗೆದು ಗಾಜಿನ ಹಿಂದೆ, ಕಣ್ಣಿನ ಕಡೆ ಹಾಕಿದೆ. ಗಾಜು ತನ್ನ ಜಾಗಕ್ಕೆ ಬಂತು. ಎಚ್ಚರ: ಕೆಲವು ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾಗಳಲ್ಲಿ ಕಾರ್ಖಾನೆಯವರೇ ಫ್ರೆನೆಲ್ಲನ್ನು ಮುಂದೆ ಇಟ್ಟು, ಅದಕ್ಕೆ ತಕ್ಕಂತೆ ಅಳತೆ ಮಾಡಿರುತ್ತಾರೆ. ಅಲ್ಲಿ ತೆಗೆದರೇ ತಪ್ಪು. ಅದಕ್ಕೇ ಬಿಚ್ಚುವ ಮುಂಚೆ ಬೆಂಕಿಪೊಟ್ಟಣದ ಪರೀಕ್ಷೆ ಮಾಡಿ. ಅಂಥ ಕ್ಯಾಮೆರಾದಲ್ಲಿ ಕಡ್ಡಿಯ ಲೆಕ್ಕ ನೇರವಾಗಿ ಹೊಂದುವುದಿಲ್ಲ.

ಗಾಜನ್ನು ತಿರುವಿ ಹಾಕಿದರೂ ಇದೇ ಗೋಳು. ಉಗುರಲ್ಲಿ ಗೀರಿ ನೋಡಿ, ತರಿತರಿ ಮೈ ಲೆನ್ಸಿನ ಕಡೆ ಇರಬೇಕು.

ಪಕ್ಕ ಮಾತ್ರ ಮಸುಕಾಗುವವರು ಬೆಲ್ಲೋಸನ್ನು ಅನುಮಾನಿಸಿ. 90 ಮಿ.ಮೀ. ಲೆನ್ಸಿಗೆ ಉದ್ದದ ಬೆಲ್ಲೋಸನ್ನು ಪೂರ್ತಿ ಅದುಮಬೇಕಾಗುತ್ತದೆ. ಅದು ಸ್ಪ್ರಿಂಗಿನ ಹಾಗೆ ಮುಂಭಾಗವನ್ನು ತಳ್ಳುತ್ತದೆ. ಬಿಗಿ ಮಾಡಿದ ಮೇಲೂ ಸ್ವಲ್ಪ ವಾಲುತ್ತದೆ. ಮುಂಭಾಗಕ್ಕೂ ಹಿಂಭಾಗಕ್ಕೂ ನಡುವಿನ ದೂರವನ್ನು ಸ್ಕೇಲಿನಿಂದ ನಾಲ್ಕು ಮೂಲೆಯಲ್ಲೂ ಅಳೆಯಿರಿ. ಎಡಕ್ಕೂ ಬಲಕ್ಕೂ 1 ಮಿ.ಮೀ. ವ್ಯತ್ಯಾಸ ಕಂಡರೂ ಸರಿಮಾಡಿ. ಚೀಲದಂಥ ಬ್ಯಾಗ್ ಬೆಲ್ಲೋಸ್ ಅಥವಾ ಒಳಕ್ಕೆ ತಗ್ಗಿರುವ ಲೆನ್ಸ್ ಬೋರ್ಡ್ ಇದ್ದರೆ ಈ ಜಗ್ಗಾಟವೇ ಇರುವುದಿಲ್ಲ. ಮತ್ತೆ, ಫೋಕಸನ್ನು ಎಫ್ 6.8ರಲ್ಲಿ ಹಿಡಿದು ಸುಮ್ಮನಾಗಬೇಡಿ. ಎಫ್ 16ಕ್ಕೆ ಇಳಿಸಿ, ಕರಿಬಟ್ಟೆಯೊಳಗೆ ಕಣ್ಣು ಹೊಂದುವ ತನಕ ಕಾದು, ಲೂಪ್ ಇಟ್ಟು ಇನ್ನೊಮ್ಮೆ ನೋಡಿ. ಹಳೆಯ ಲೆನ್ಸುಗಳಲ್ಲಿ ಅಪರ್ಚರ್ ಇಳಿಸಿದಾಗ ಫೋಕಸ್ ಸ್ವಲ್ಪ ಜಾರುವುದುಂಟು.

ಗಾಜಿನೊಳಗೆ ಏನೋ ಕಾಣುತ್ತಿದೆ

ಮಲೆನಾಡಿನಲ್ಲಿ ಇರುವವರಿಗೆ ಬೂಷ್ಟಿನ ಬಗ್ಗೆ ಹೇಳಬೇಕಾಗಿಲ್ಲ. ಜೂನಿನಲ್ಲಿ ಚಪ್ಪಲಿಗೆ ಹಿಡಿಯುವುದು ಜುಲೈಗೆ ಲೆನ್ಸಿಗೆ ಹಿಡಿಯುತ್ತದೆ. ಶಟರ್ ತೆರೆದಿಟ್ಟು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಕನ್ನಡಿಗೆ ಉಸಿರು ಬಿಟ್ಟ ಹಾಗೆ ಸಮನಾದ ಮಬ್ಬು ಇದ್ದರೆ ಎಣ್ಣೆಯ ಆವಿ ಕೂತದ್ದು, ಒರೆಸಿದರೆ ಹೋಗುತ್ತದೆ. ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ ಇದ್ದರೆ ಒಳಗಿನ ಕರಿಬಣ್ಣ ಏಳುತ್ತಿದೆ ಅಷ್ಟೇ. ಷ್ನೈಡರ್ ಲೆನ್ಸುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಷ್ನೈಡರೈಟಿಸ್ ಅಂತ ಒಂದು ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ. ಚಿತ್ರಕ್ಕೆ ಏನೂ ಆಗುವುದಿಲ್ಲ. ಇದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಿ, ಬಾಯಿಮುಚ್ಚಿಕೊಂಡು ಕೊಂಡುಕೊಳ್ಳಿ.

ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣ ಅಥವಾ ಹಳದಿ ಹಿಮದ ಹರಳಿನಂಥದ್ದು ಕಂಡರೆ ಮಾತ್ರ ಯೋಚಿಸಿ. ಆಂಗುಲೋನಿನಲ್ಲಿ ಒಟ್ಟು ಆರು ಗಾಜು, ಮೂರು ಮೂರನ್ನು ಅಂಟಿಸಿ ಎರಡು ಸೆಲ್ ಮಾಡಿದ್ದಾರೆ. ಹಳೆಯವುಗಳ ಅಂಟು ಕೆನಡಾ ಬಾಲ್ಸಂ, ಅಂದರೆ ಮರದ ರಾಳ. ಅದು ಬಿಡುತ್ತಿದೆ ಅಂತ ಅರ್ಥ. ಅಂಚಿನಲ್ಲಿ ಒಂದೆರಡು ಮಿ.ಮೀ. ಆದರೆ ಸುಮ್ನೆ ಬಿಟ್ಟುಬಿಡಿ. ನಡುವಿಗೆ ಬಂದಿದ್ದರೆ ಕಾಂಟ್ರಾಸ್ಟ್ ಬೀಳುತ್ತದೆ. ಬಿಚ್ಚಿ ಮತ್ತೆ ಅಂಟಿಸುವುದು ಗಾಜುಗಳ ನಡುವನ್ನು ಕೂದಲಷ್ಟೂ ತಪ್ಪದ ಹಾಗೆ ಹೊಂದಿಸುವ ಕೆಲಸ, ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ.

ಹೊರಮೈಯ ಬೂಷ್ಟಿಗೆ ಮನೆಮದ್ದು ಇದೆ. ಮೆಡಿಕಲ್ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್, ಅಷ್ಟೇ ಪ್ರಮಾಣದ ಮನೆ ಬಳಕೆಯ ತೆಳು ಅಮೋನಿಯಾ. ಕಿಟಕಿ ತೆಗೆದಿಟ್ಟು, ಬಳಸುವ ಹೊತ್ತಿಗೆ ಬೇಕಾದಷ್ಟೇ ಬೆರೆಸಿ. ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ. ಹತ್ತಿ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಅಂಚಿನಿಂದ ನೀರು ಇಳಿದರೆ ಅಂಟು ಹೋಗುತ್ತದೆ. ಸೆಲ್ಲನ್ನು ಯಾವುದರಲ್ಲೂ ಮುಳುಗಿಸಬೇಡಿ. ಬೂಷ್ಟು ಗಾಜನ್ನೇ ತಿಂದಿದ್ದರೆ ಆ ಗುರುತು ಹೋಗುವುದಿಲ್ಲ, ಅದರ ಜೊತೆ ಬದುಕಬೇಕು.

ಮತ್ತೆ ಬಾರದ ಹಾಗೆ ಮಾಡುವುದು ಇದಕ್ಕಿಂತ ಸುಲಭ. ಲೆನ್ಸಿನ ಜೊತೆ ಬಂದ ಚರ್ಮದ ಡಬ್ಬಿ ಎಷ್ಟೇ ಚೆಂದ ಇರಲಿ, ಅದರಲ್ಲಿ ಇಡಬೇಡಿ. ಬೂಷ್ಟಿನ ತವರು ಅದು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. 40ರಿಂದ 50% ಸಾಕು. ಕೆಲವರು ಅಕ್ಕಿ ಡಬ್ಬಿಯಲ್ಲಿ ಹುಗಿಯುತ್ತಾರೆ. ಅಕ್ಕಿಯ ಹಿಟ್ಟು ಶಟರಿನೊಳಗೆ ಹೋದ ಮೇಲೆ ನನ್ನನ್ನು ನೆನೆಸಿಕೊಳ್ಳುತ್ತಾರೆ.

ಶಟರ್ ಎಳೆಯುತ್ತಿದ್ದರೆ

1 ಸೆಕೆಂಡಿಗೆ ಇಟ್ಟರೆ ಗುರ್ ಅಂತ ಎರಡು ಸೆಕೆಂಡ್ ಓಡುವುದು, ನಡುವೆ ನಿಂತುಬಿಡುವುದು ಹಳೆಯ ಕಾಂಪುರ್ ಶಟರುಗಳ ವಯಸ್ಸಿನ ಕಾಯಿಲೆ. ಒಳಗಿನ ಹಲ್ಲುಚಕ್ರಗಳಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ. ಫೋನಿನ ಸ್ಲೋ ಮೋಷನ್ನಿನಲ್ಲಿ ಅಳೆಯಬಹುದು. ಸೆಕೆಂಡಿಗೆ 240 ಚಿತ್ರ ಅಂದರೆ 1/30ಕ್ಕೆ 8 ಚಿತ್ರ ತೆರೆದಿರಬೇಕು, 1/60ಕ್ಕೆ 4. ಅದರಾಚೆ ಫೋನನ್ನು ನಂಬಬೇಡಿ. ಬೇಕಾಗಿಯೂ ಇಲ್ಲ, ಬಿಸಿಲಿನಲ್ಲಿ 100 ಐಎಸ್ಓ ಫಿಲ್ಮಿಗೆ ಎಫ್ 22ರಲ್ಲಿ ಸುಮಾರು 1/50 ತಾನೇ. ಎಳೆತ ಯಾವಾಗಲೂ ಒಂದೇ ಸಮ ಇದ್ದರೆ ಒಂದು ಚೀಟಿಯಲ್ಲಿ ನಿಜವಾದ ವೇಗ ಬರೆದು ಲೆನ್ಸ್ ಬೋರ್ಡಿಗೆ ಅಂಟಿಸಿ, ಮುಂದುವರಿಯಿರಿ. ಒಂದೊಂದು ಸಲ ಒಂದೊಂದು ಥರ ಆದರೆ ರಿಪೇರಿಗೆ ಕೊಡಿ. ತೊಟ್ಟು ಎಣ್ಣೆ ಬಿಡುವ ಆಸೆ ಮಾತ್ರ ಬೇಡ. ಅದು ಶಟರಿನ ತೆಳು ಎಲೆಗಳಿಗೆ ಹರಡಿ ಇದ್ದದ್ದೂ ನಿಲ್ಲುತ್ತದೆ. ಅತಿ ಹೆಚ್ಚಿನ ವೇಗವನ್ನು ಶಟರಿನ ಸನ್ನೆ ಎಳೆದು ಸಜ್ಜು ಮಾಡುವ ಮುಂಚೆಯೇ ಇಡಿ, ಸಜ್ಜಾದ ಮೇಲೆ ಬಲವಂತ ಮಾಡಬೇಡಿ.

ಫ್ಲ್ಯಾಷ್ ಮಿಂಚಿತು, ಶೀಟ್ ಖಾಲಿ ಬಂತು ಅಂದರೆ ಶಟರಿನ ಪಕ್ಕದ ಕಡ್ಡಿ ಎಮ್ ಅಕ್ಷರದ ಮೇಲಿದೆ. ಅದು ಹಳೆಯ ಕಾಲದ ಬಲ್ಬುಗಳಿಗೆ. ಎಕ್ಸ್‌ಗೆ ತಳ್ಳಿ.

ಮಂಜಿನ ಪಟ್ಟೆ

ಆರನೇ ಶೀಟ್ ಉಳಿಯಿತು. ಇಡೀ ಚಿತ್ರವೇ ಸಪ್ಪೆಯಾಗಿದ್ದಿದ್ದರೆ ಲೇಪನವಿಲ್ಲದ ಗಾಜನ್ನೋ, ಲೆನ್ಸ್ ಬೋರ್ಡಿನ ಹಿಂದಿನ ಹೊಳೆಯುವ ಬಣ್ಣವನ್ನೋ ಅನುಮಾನಿಸುತ್ತಿದ್ದೆ. ಇದು ಪಟ್ಟೆ, ಅದೂ ಒಂದೇ ಶೀಟಿನಲ್ಲಿ. ಆ ಶೀಟ್ ತೆಗೆಯುವಾಗ ಬಿಸಿಲು ಕ್ಯಾಮೆರಾದ ಎಡ ಪಕ್ಕಕ್ಕೆ ಬೀಳುತ್ತಿತ್ತು, ಡಾರ್ಕ್ ಸ್ಲೈಡ್ (ಹೋಲ್ಡರಿನಲ್ಲಿ ಫಿಲ್ಮ್ ಮುಚ್ಚುವ ಹಾಳೆ) ಎಳೆದು ಗಾಳಿ ನಿಲ್ಲಲಿ ಅಂತ ಎರಡು ನಿಮಿಷ ಕಾದಿದ್ದೆ.

ರಾತ್ರಿ ದೀಪ ಆರಿಸಿ, ಹಿಂಭಾಗ ಕಳಚಿ, ಬೆಲ್ಲೋಸಿನೊಳಗೆ ಟಾರ್ಚ್ ಇಟ್ಟೆ. ಬೆಲ್ಲೋಸ್ ಅದುಮಿದಾಗ ಏನೂ ಕಾಣಲಿಲ್ಲ. ಸ್ವಲ್ಪ ಎಳೆದು ಓರೆ ಮಾಡಿದಾಗ ಎಡಗಡೆಯ ಮೂರನೇ ಮಡಿಕೆಯ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಚುಕ್ಕೆ ಹೊಳೆಯಿತು. ಕಪ್ಪು ಫ್ಯಾಬ್ರಿಕ್ ಬಣ್ಣವನ್ನು ಕಡ್ಡಿಯ ತುದಿಯಲ್ಲಿ ಒಳಗಿನಿಂದ ಎರಡು ಸಲ ಮುಟ್ಟಿಸಿ, ಒಣಗುವ ತನಕ ಬೆಲ್ಲೋಸನ್ನು ಎಳೆದೇ ಇಟ್ಟೆ. ಮಡಚಿದ್ದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.